ಅಗ್ನಿಶಿಖೆಯ ಎಲೆಯೂ ಪಳನಿಯ ಇಬ್ಬನಿಯೂ

ಪಳನಿ ಬೆಟ್ಟಸಾಲಿನ ಬಡಗಣ ತಪ್ಪಲಿನಿಂದಿಳಿದು ಒಟ್ಟನ್‌ಚತ್ರಂ, ವೇಡಸಂದೂರು, ಮೂಲನೂರು, ಧಾರಾಪುರಗಳವರೆಗೆ ಹಬ್ಬಿರುವ ಬಯಲಿನಲ್ಲಿ ಆಶ್ವಯುಜ ಕಾರ್ತಿಕಗಳ ನಡುವೆ ಸಂಚರಿಸುವವರಿಗೆ, ಹೊಲದ ತುಂಬ ಸಾಲುಸಾಲಾಗಿ ನಿಲ್ಲಿಸಿದ ಮುಳ್ಳುಗೂಟಗಳೂ, ಅವುಗಳನ್ನು ಅಪ್ಪಿಕೊಂಡು ಮೇಲೇರಿದ ಬಳ್ಳಿಗಳೂ, ಬಳ್ಳಿಯ ಮೇಲೆ ಹಳದಿಯಿಂದ ಹೊರಟು ಕೆಂಪಿಗೆ ತಿರುಗುತ್ತ ಎಸಳುಗಳನ್ನೆಲ್ಲ ಮೇಲ್ಮುಖವಾಗಿ ಮಡಿಚಿಕೊಂಡು ಜ್ವಾಲೆಯಂತೆ ನಿಂತ ಹೂಗಳೂ ಕಾಣಬರುತ್ತವೆ. ಹೂವಿನ ವ್ಯಾಪಾರಕ್ಕೆ ಹೆಸರಾದ ದಿಂಡಿಗಲ್ ಸೀಮೆಯಲ್ಲಿ ಇದೂ ಒಂದು ಹೂದೋಟವಿರಬೇಕೆಂದು ಭಾವಿಸುವುದು ಸಹಜವೇ ಆದರೂ, ಈ ಹೂವನ್ನು ಇಲ್ಲಿ ಯಾರೂ ಮಾರಾಟಕ್ಕೆ ಬಿಡಿಸುವುದಿಲ್ಲ. ಬೇಸಾಯಗಾರನಿಗೆ ಬೇಕಾದುದು ಇದರ ಬೀಜ. ನಮ್ಮ ಕನ್ನಡ ನಾಡಿನ ಬೇಲಿಗಳಲ್ಲಿ ಭಾದ್ರಪದದ ಸುಮಾರಿಗೆ ಅರಳಿ ಗೌರಿಹೂವೆನಿಸಿಕೊಳ್ಳುವ, ಆಯುರ್ವೇದವು ಲಾಂಗಲಿಯೆಂದೂ ಅಗ್ನಿಶಿಖೆಯೆಂದೂ ಕರೆದು ಉಪವಿಷಗಳ ಸಾಲಿನಲ್ಲಿ ಕುಳ್ಳಿರಿಸಿರುವ, ತಮಿಳರು ಕಾವ್ಯದಲ್ಲಿ ಕಾಂದಳ್ ಎಂದೂ ಸಂತೆಯಲ್ಲಿ ಕಣ್ವಲಿಕ್ಕಿಳಂಗು ಎಂದೂ ಬಲ್ಲ ಬಳ್ಳಿಯೇ ಇದು. ಸಸ್ಯಶಾಸ್ತ್ರಜ್ಞರ ಗ್ಲೋರಿಯೋಸಾ ಸುಪರ್ಬಾ.

ಈ ಬಳ್ಳಿಗೂ ಪಳನಿಗೂ ಇರುವ ನಂಟು ಇಂದು ನಿನ್ನೆಯದಲ್ಲ. ಕಪಿಲರ ‘ಕುರಿಂಜಿಪ್ಪಾಟ್ಟು’ ಹೆಸರಿಸುವ 99 ಹೂಗಳ ಸಾಲಿನಲ್ಲಿ ಮೊದಲನೆಯದು ಇದು, ನಕ್ಕೀರರ ‘ತಿರುಮುರುಗಾಟ್ರುಪ್ಪಡೈ’ಯಲ್ಲಿ ಮುರುಗನ ಮುಡಿಗೇರಿದುದೂ ಇದೇ, ಆ ಕಾವ್ಯವು ಸ್ತುತಿಸುವ ಆರು ಸನ್ನಿಧಿಗಳಲ್ಲಿ ಪಳನಿ ಬೆಟ್ಟದ ಅಡಿಯ ತಿರುವಾವಿನನ್‌ಕುಡಿಯೂ ಒಂದು. ತಮಿಳುನಾಡಿನ ರಾಜ್ಯಪುಷ್ಪವೆಂಬ ಗೌರವವೂ ಇದಕ್ಕೆ ಸಂದಿದೆ. ಆದರೆ ಇಷ್ಟೆಲ್ಲ ಕೀರ್ತಿಯಿಂದ ಬೇಸಾಯಗಾರನ ಮನೆಯ ಒಲೆ ಉರಿಯುವುದಿಲ್ಲವಷ್ಟೆ. ಅವನು ಇದನ್ನು ಬೆಳೆಯುವುದು ಇದರ ಬೀಜದಲ್ಲಿಯೂ ಗೆಡ್ಡೆಯಲ್ಲಿಯೂ, ಅದರಲ್ಲಿಯೂ ವಿಶೇಷವಾಗಿ ಬೀಜದಲ್ಲಿ, ಶೇಖರವಾಗುವ ಕಾಲ್ಚಿಸಿನ್ ಎಂಬ ಕ್ಷಾರಾಭಕ್ಕಾಗಿ. 1820ರಲ್ಲಿ ಪೆಲೆಟಿಯೇ ಮತ್ತು ಕವಾಂಟು ಎಂಬ ಫ್ರೆಂಚ್ ರಸಾಯನಜ್ಞರು ಯೂರೋಪಿನ ಕಾಲ್ಚಿಕಮ್ ಗಿಡದಿಂದ ಮೊದಲು ಬೇರ್ಪಡಿಸಿದ ಈ ವಸ್ತುವು ಇಂದಿಗೂ ಸಂಧಿವಾತದ ಒಂದು ಪ್ರಭೇದಕ್ಕೆ, ಗೌಟ್ ಎಂದು ವೈದ್ಯರು ಹೇಳುವ ಕಾಲ್ಬೆರಳಿನ ಕಡುನೋವಿಗೆ, ಪ್ರಮುಖ ಔಷಧವಾಗಿ ಉಳಿದುಕೊಂಡಿದೆ. ಔಷಧವಾದುದರಿಂದಲೇ ವಿಷವೂ ಅಹುದು. ಗೆಡ್ಡೆಯನ್ನು ಗೆಣಸೆಂದು ಭ್ರಮಿಸಿ ತಿಂದು ಪ್ರಾಣ ಕಳೆದುಕೊಂಡವರ ಪ್ರಕರಣಗಳು ದಕ್ಷಿಣ ಭಾರತದಲ್ಲಿಯೂ ಸಿಂಹಳದಲ್ಲಿಯೂ ವೈದ್ಯರಿಗೆ ಹೊಸವಲ್ಲ.

ಇಂಥ ಬೆಳೆಯ ವ್ಯವಸಾಯ ಸುಲಭವಾದುದಲ್ಲ. ನೇಗಿಲಿನ ಆಕಾರದಲ್ಲಿ ಕವಲೊಡೆದ ಗೆಡ್ಡೆಗಳನ್ನು ಮುಂಗಾರಿನ ಆರಂಭದಲ್ಲಿ ಆಳವಾದ ಸಾಲುಗಳಲ್ಲಿ ಊರಿ, ಮುಳ್ಳುಕಿಳುವೈಯ ಗೂಟಗಳನ್ನೋ ಬಂದರಿಕೆಯ ರೆಂಬೆಗಳನ್ನೋ ಆಸರೆಯಾಗಿ ನೆಟ್ಟು, ಬಳ್ಳಿ ಹೂಬಿಟ್ಟ ಮೇಲೆ ಪ್ರತಿ ಹೂವಿಗೂ ಮನುಷ್ಯರೇ ಪರಾಗವನ್ನು ಮುಟ್ಟಿಸಬೇಕಾಗುತ್ತದೆ. ಏಕೆಂದರೆ ಈ ಹೂವಿನಲ್ಲಿ ಶಲಾಕೆಯು ತನ್ನ ಬುಡದಲ್ಲಿಯೇ, ಅಂಡಾಶಯಕ್ಕೆ ಲಂಬಕೋನದಲ್ಲಿ, ಹೊರಕ್ಕೆ ಬಾಗಿಕೊಂಡು, ತನ್ನದೇ ಕೇಸರಗಳಿಂದ ಮುಖ ತಿರುಗಿಸಿ ನಿಂತಿರುತ್ತದೆ. ಬೆಳಗಿನ ಎಂಟರಿಂದ ಹನ್ನೊಂದರವರೆಗಿನ ಅವಧಿ ಈ ಕೆಲಸಕ್ಕೆ ಪ್ರಶಸ್ತವೆಂದು ಅನುಭವಸ್ಥರ ಮತ; ಕೂಲಿಯ ಹೆಂಗಸರು ಸಾಲುಗಳ ನಡುವೆ ನಡೆಯುತ್ತ ಹೂವಿನಿಂದ ಹೂವಿಗೆ ಕೈ ಹಾಯಿಸುತ್ತ ಹೋಗುವ ಈ ಹೊತ್ತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು, ರೋಗದ ಮಾತು ಬಂದಾಗ ಇದು ಮತ್ತೆ ಬೇಕಾಗುತ್ತದೆ. ನೆಟ್ಟ 160ರಿಂದ 180 ದಿನಗಳ ಸುಮಾರಿಗೆ ಕಾಯಿಗಳ ಕಡುಹಸುರು ತಿಳಿಯಾಗುತ್ತ ಬಂದಾಗ ಕೊಯ್ಲು.

ಈ ಬಳ್ಳಿಯ ಒಂದು ವಿಶೇಷವನ್ನು ಇಲ್ಲಿ ಹೇಳದೆ ಮುಂದುವರಿಯಲಾಗದು. ಅವರೆ, ಹೀರೆ, ದ್ರಾಕ್ಷಿಗಳಲ್ಲಿ ಹತ್ತುವ ಕೆಲಸಕ್ಕೆ ಕಾಂಡದ್ದೋ ಪ್ರತ್ಯೇಕ ಕುಡಿಯದ್ದೋ ನೆರವಿರುತ್ತದೆ. ಅಗ್ನಿಶಿಖೆಯಲ್ಲಾದರೋ ಎಲೆಯೇ ನೀಳವಾಗಿ ಚಾಚಿಕೊಂಡು, ತನ್ನ ತುದಿಯನ್ನು ಸುರುಳಿಯಾಗಿಸಿ, ಸಿಕ್ಕಿದ ಕಡ್ಡಿಯನ್ನು ಹಿಡಿದುಕೊಳ್ಳುತ್ತದೆ. ಅನ್ನ ಬೇಯಿಸುವುದೂ ಆಸರೆ ಹಿಡಿಯುವುದೂ ಒಂದೇ ಅಂಗದ ಹೊಣೆಯಾಗಿರುವ ಈ ಗಿಡದಲ್ಲಿ ಎಲೆಗೆ ಬಂದ ರೋಗ ಎರಡು ಬಗೆಯಲ್ಲಿ ಹೊಡೆಯುತ್ತದೆ. ಎಲೆಯ ಅಂಚಿನಲ್ಲಿಯೋ ತುದಿಯ ಬಳಿಯೋ ಸಾಸಿವೆ ಗಾತ್ರದ ಕಂದು ಚುಕ್ಕೆಗಳಾಗಿ ತೊಡಗಿ, ಹಳದಿ ಪ್ರಭಾವಲಯವೊಂದನ್ನು ಸುತ್ತ ಧರಿಸಿ, ಉಂಗುರದೊಳಗೆ ಉಂಗುರವಾಗಿ ಹಿಗ್ಗಿ, ಒಂದನ್ನೊಂದು ಕೂಡಿಕೊಂಡು ಇಡೀ ಎಲೆಯನ್ನು ಸುಟ್ಟಂತೆ ಕರಿಕಾಗಿಸುವ ಈ ವ್ಯಾಧಿಯನ್ನು ಕೃಷಿಶಾಸ್ತ್ರದಲ್ಲಿ ಎಲೆ ಅಂಗಮಾರಿ ಎನ್ನುತ್ತಾರೆ. ಎಲೆಯ ತುದಿ ಕರಗಿದರೆ ಬಳ್ಳಿಯ ಹಿಡಿತವೂ ಸಡಿಲುತ್ತದೆ. ಕಾಯಿಯ ಭಾರ ಹೊತ್ತ ಬಳ್ಳಿ ಆಸರೆಯಿಂದ ಜಾರಿ ನೆಲಕ್ಕೊರಗಿತೆಂದರೆ, ಒದ್ದೆ ಮಣ್ಣಿಗೆ ತಾಗಿದ ಉಳಿದ ಎಲೆಗಳಿಗೂ ಅದೇ ಗತಿ ಒದಗುತ್ತದೆ.

ಇದಕ್ಕೆ ಕಾರಣಭೂತವಾದ ಶಿಲೀಂಧ್ರ ಆಲ್ಟರ್ನೇರಿಯಾ ಆಲ್ಟರ್ನೇಟಾ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇದರ ಬೀಜಾಣುಗಳು ಕಂದುಬಣ್ಣದ ಪುಟ್ಟ ಗದೆಗಳಂತೆ, ಅಡ್ಡಗೋಡೆ ಉದ್ದಗೋಡೆಗಳಿಂದ ಕೋಣೆಕೋಣೆಯಾಗಿ, ಒಂದರ ತುದಿಗೊಂದು ಜೋಡಿಸಿದ ಸರಪಣಿಯಾಗಿ ಕಾಣಿಸುತ್ತವೆ. ಆ ಕಂದುಬಣ್ಣವೇ ಅವಕ್ಕೆ ಬಿಸಿಲಿನಿಂದ ರಕ್ಷೆ. ಇದು ಆಯ್ದ ಒಂದೇ ಗಿಡವನ್ನು ಹುಡುಕಿಕೊಂಡು ಹೋಗುವ ಅಭಿಮಾನಿಯಲ್ಲ. ಸತ್ತ ಎಲೆ, ಒಣಗಿದ ಕಡ್ಡಿ, ಕೊಳೆಯುವ ಕಸ ಎಲ್ಲದರ ಮೇಲೆಯೂ ಜೀವಿಸಬಲ್ಲುದು, ಮುಪ್ಪಾದ ಅಥವಾ ಗಾಯಗೊಂಡ ಎಲೆ ದೊರೆತಾಗ ಪರೋಪಜೀವಿಯಾಗಿ ಏರಿಬರಬಲ್ಲುದು. ತಿರುನೆಲ್ವೇಲಿ ಸೀಮೆಯ ಸೋನಾಮುಖಿಗೂ ಬಯಲುನಾಡಿನ ಅಶ್ವಗಂಧಕ್ಕೂ ಎಲೆಚುಕ್ಕೆಯನ್ನು ತರುವುದು ಇದೇ. ಟೊಮೇಟೊವಿಗೂ ಈರುಳ್ಳಿಗೂ ಕಾಡುವ ಅಂಗಮಾರಿಯ ಕಾರಕಗಳು ಇದರ ದಾಯಾದಿಗಳು. ಹೀಗಿರುವಲ್ಲಿ ಈ ಶಿಲೀಂಧ್ರವನ್ನು ಒಂದು ಊರಿನಿಂದ ನಿರ್ಮೂಲಗೊಳಿಸುವ ಮಾತು ವ್ಯರ್ಥ; ಅದು ಎಲೆಯ ಮೇಲೆ ಮೊಳೆಯದಂತೆ ನೋಡಿಕೊಳ್ಳುವುದೊಂದೇ ಸಾಧ್ಯವಾದ ಗುರಿ.

ಇಲ್ಲೊಂದು ವಿಚಿತ್ರವುಂಟು. ಆನೆಯನ್ನೂ ಮನುಷ್ಯನನ್ನೂ ಕೆಡವಬಲ್ಲ ವಿಷವನ್ನು ಮೈತುಂಬ ತುಂಬಿಕೊಂಡ ಗಿಡ ಕಣ್ಣಿಗೆ ಕಾಣದ ಬೂಷ್ಟೊಂದಕ್ಕೆ ಏಕೆ ಸೋಲಬೇಕು? ಕಾಲ್ಚಿಸಿನ್ನಿನ ಕೆಲಸದ ಬಗೆಯಲ್ಲಿಯೇ ಇದಕ್ಕೆ ಉತ್ತರವಿದೆ. ಜೀವಕೋಶವು ಇಬ್ಭಾಗವಾಗುವಾಗ ವರ್ಣತಂತುಗಳನ್ನು ಆಚೀಚೆ ಸೆಳೆಯುವ ಸೂಕ್ಷ್ಮನಾಳಗಳು ಟ್ಯೂಬುಲಿನ್ ಎಂಬ ಪ್ರೋಟೀನಿನಿಂದ ಕಟ್ಟಲ್ಪಡುತ್ತವೆ. ಕಾಲ್ಚಿಸಿನ್ ಆ ಪ್ರೋಟೀನಿಗೆ ಅಂಟಿಕೊಂಡು ನಾಳ ರೂಪುಗೊಳ್ಳದಂತೆ ತಡೆಯುತ್ತದೆ. 1937ರಲ್ಲಿ ಬ್ಲೇಕ್ಸ್‌ಲಿ ಮತ್ತು ಏವರಿ ಎಂಬ ಅಮೆರಿಕನ್ ವಿಜ್ಞಾನಿಗಳು ಈ ಗುಣವನ್ನೇ ಬಳಸಿ ಸಸ್ಯಗಳ ವರ್ಣತಂತುಗಳನ್ನು ಇಮ್ಮಡಿಗೊಳಿಸುವ ಮಾರ್ಗವನ್ನು ತೋರಿಸಿಕೊಟ್ಟರು. ಅಲ್ಲಿಂದೀಚೆಗೆ ಇದು ತಳಿವಿಜ್ಞಾನಿಗಳ ಮೇಜಿನ ನಿತ್ಯದ ಸಾಧನವಾಯಿತು. ಪ್ರಾಣಿಗಳ ಟ್ಯೂಬುಲಿನ್ನಿಗೆ ಬಿಗಿಯಾಗಿ ಹಿಡಿಯುವ ಈ ವಿಷ ಶಿಲೀಂಧ್ರಗಳ ಟ್ಯೂಬುಲಿನ್ನಿಗೆ ಸರಿಯಾಗಿ ಅಂಟಲಾರದು. ಬೀಗ ಬೇರೆ, ಕೀಲಿಕೈ ಬೇರೆ. ಆದುದರಿಂದ ಮೇಯುವ ಮೃಗಕ್ಕೆ ಒಡ್ಡಿದ ಕೋಟೆ ಶಿಲೀಂಧ್ರದ ಪಾಲಿಗೆ ತೆರೆದ ಬಾಗಿಲು. ಮೇಯುವವರಲ್ಲಿಯೂ ಒಂದು ಅಪವಾದವುಂಟು: ಪಾಲಿಟೆಲಾ ಗ್ಲೋರಿಯೋಸೇ ಎಂಬ ಪತಂಗದ ಹುಳು ಈ ವಿಷದ ಎಲೆಯನ್ನು ನಿರಾತಂಕವಾಗಿ ತಿಂದು ಬೆಳೆಯುತ್ತದೆ, ಮತ್ತು ಅದು ಕಚ್ಚಿ ಬಿಟ್ಟ ಗಾಯಗಳು ಶಿಲೀಂಧ್ರಕ್ಕೆ ದಾರಿಯಾಗಬಲ್ಲವು.

ವಿಚಿತ್ರ ಇಷ್ಟಕ್ಕೇ ಮುಗಿಯುವುದಿಲ್ಲ. ಎಲೆಯ ಮೇಲೆ ಚುಕ್ಕೆ ಕಂಡ ಕೂಡಲೆ ಗೊಬ್ಬರದ ಅಂಗಡಿಗೆ ಹೋದವನ ಕೈಗೆ ಬಹಳ ಸಾರಿ ಬರುವ ಪೊಟ್ಟಣ ಕಾರ್ಬೆಂಡಜಿಮ್. ಇದೂ ಟ್ಯೂಬುಲಿನ್ನಿನ ವೈರಿಯೇ. ಆದರೆ ಶಿಲೀಂಧ್ರಗಳ ಟ್ಯೂಬುಲಿನ್ನಿಗೆ ಹೊಂದುವ ಕೀಲಿಕೈ. ಗೆಡ್ಡೆ ಕೊಳೆಯಿಸುವ ಹಲವು ಶಿಲೀಂಧ್ರಗಳ ವಿಷಯದಲ್ಲಿ, ಬೂದಿರೋಗದ ವಿಷಯದಲ್ಲಿ ಇದು ತಕ್ಕ ಮದ್ದೇ ಸರಿ. ಆದರೆ ಶಿಲೀಂಧ್ರಲೋಕದಲ್ಲಿ ಆಲ್ಟರ್ನೇರಿಯಾ ಮತ್ತು ಅದರ ಬಳಗದವು ಹುಟ್ಟಿನಿಂದಲೇ ಈ ವರ್ಗದ ಮದ್ದಿಗೆ ಜಗ್ಗದವು. ಕಾಲಕ್ರಮದಲ್ಲಿ ಗಳಿಸಿಕೊಂಡ ನಿರೋಧವಲ್ಲ, ಸ್ವಭಾವಸಿದ್ಧವಾದುದು. ಅಂಗಮಾರಿ ಬಂದ ಅಗ್ನಿಶಿಖೆಗೆ ಕಾರ್ಬೆಂಡಜಿಮ್ಮನ್ನು ಮಾತ್ರ ಎರಚುವವನು ಹಣವನ್ನು ನೀರಿನಲ್ಲಿ ಕರಗಿಸಿ ಎಲೆಯ ಮೇಲೆ ಚೆಲ್ಲಿದಂತಾಯಿತು. ಇಷ್ಟೇ ಆಗಿದ್ದರೆ ನಷ್ಟ ಜೇಬಿಗೆ ಮಾತ್ರ; ಮಣ್ಣಿನಲ್ಲಿಯೂ ಎಲೆಯ ಮೇಲೆಯೂ ರೋಗಕಾರಕಗಳ ಮೇಲೆ ಬೆಳೆದು ಅವುಗಳನ್ನು ಹತ್ತಿಕ್ಕುವ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರವು ಈ ಮದ್ದಿಗೆ ಬಹು ಸುಲಭವಾಗಿ ಬಲಿಯಾಗುತ್ತದೆ. ಶತ್ರುವನ್ನು ಮುಟ್ಟದೆ ಮಿತ್ರನನ್ನು ಕೊಲ್ಲುವ ಈ ಚಿಕಿತ್ಸೆಯ ವಿಷಯದಲ್ಲಿ ಸಸ್ಯವೈದ್ಯರು ಎಷ್ಟು ಬಾರಿ ಎಚ್ಚರಿಸಿ ಹೇಳಿದರೂ ಸಾಲದು. ಅದರಲ್ಲಿಯೂ ಗೆಡ್ಡೆಯನ್ನು ಒಂದೇ ದಿನ ಎರಡರಲ್ಲಿಯೂ ಅದ್ದಿ ನೆಡುವ ಪದ್ಧತಿ ಶುದ್ಧ ಅಪವ್ಯಯ.

ಹಾಗಾದರೆ ಅಂಗಮಾರಿಗೆ ತಕ್ಕ ಮದ್ದು ಯಾವುದು? ಲೀಟರು ನೀರಿಗೆ ಎರಡು ಎರಡೂವರೆ ಗ್ರಾಮಿನಂತೆ ಮ್ಯಾಂಕೋಜೆಬ್, ಇಲ್ಲವೆ ತಾಮ್ರದ ಸಂಯುಕ್ತಗಳಲ್ಲೊಂದು, ಎಂದು ಸಾಮಾನ್ಯವಾಗಿ ಸೂಚಿಸುತ್ತಾರೆ. ಇವು ಎಲೆಯೊಳಕ್ಕೆ ಇಳಿಯುವ ಮದ್ದುಗಳಲ್ಲ. ಎಲೆಯ ಮೇಲೆ ತೆಳುಪೊರೆಯಾಗಿ ನಿಂತು, ಬೀಜಾಣು ಮೊಳೆಯುವಾಗ ಅದರ ಜೀವಕ್ರಿಯೆಗಳನ್ನು ಹಲವು ಕಡೆ ಏಕಕಾಲದಲ್ಲಿ ಕೆಡಿಸುತ್ತವೆ. ಆದುದರಿಂದ ಶಿಲೀಂಧ್ರ ಒಳಹೊಕ್ಕ ಮೇಲೆ ಇವುಗಳಿಂದ ಪ್ರಯೋಜನವಿಲ್ಲ. ಚುಕ್ಕೆ ಕಂಡ ಎಲೆ ಗುಣವಾಗಲೆಂದು ಎರಚುವುದಲ್ಲ, ಚುಕ್ಕೆಯಿಲ್ಲದ ಎಲೆ ಹಾಗೆಯೇ ಉಳಿಯಲೆಂದು ಎರಚುವುದು. ಮಳೆಗೆ ಮುಂಚೆ, ಎಲೆಯ ಎರಡು ಮೈಗೂ ತಾಗುವಂತೆ, ಹೊಸ ಎಲೆ ಹೊರಟಂತೆಲ್ಲ ಹತ್ತು ಹದಿನೈದು ದಿನಗಳಿಗೊಮ್ಮೆ ಎಂಬ ವಿಧಿಯ ಹಿಂದಿರುವ ತರ್ಕ ಇಷ್ಟೇ.

ಮದ್ದಿನ ಮಾತು ಇಲ್ಲಿಗೆ ಸಾಕು. ಎಲೆರೋಗದ ನಿಯಂತ್ರಣದಲ್ಲಿ ಮದ್ದಿಗಿಂತ ಮೊದಲು ಲೆಕ್ಕಕ್ಕೆ ಬರತಕ್ಕುದು ಎಲೆಯು ಒದ್ದೆಯಾಗಿರುವ ಹೊತ್ತು. ಆಲ್ಟರ್ನೇರಿಯಾದ ಬೀಜಾಣು ಗಾಳಿಯಲ್ಲಿ ಎಲ್ಲೆಲ್ಲಿಯೂ ಇದ್ದರೂ ಒಣ ಎಲೆಯ ಮೇಲೆ ಬಿದ್ದರೆ ನಿರುಪದ್ರವಿ. ಮೊಳೆತು ಒಳನುಸುಳಲು ಅದಕ್ಕೆ ಎಲೆಯ ಮೇಲೆ ನಿಂತ ನೀರಿನ ಪೊರೆ ಹಲವು ಗಂಟೆಗಳ ಕಾಲ ಎಡೆಬಿಡದೆ ಬೇಕು. ಪಳನಿಯ ಸುತ್ತಿನ ಬಯಲು ಬೆಟ್ಟದ ಮಳೆನೆರಳಿನಲ್ಲಿದ್ದು ವರ್ಷದ ಬಹುಭಾಗ ಒಣಗಿಕೊಂಡೇ ಇರುವುದರಿಂದ, ಈ ರೋಗಕ್ಕೆ ಇದು ತಕ್ಕ ಜಾಗವಲ್ಲವೆಂದೇ ತೋರಬಹುದು. ಆದರೆ ಈಶಾನ್ಯದ ಮಳೆಗಾಲ ಅಕ್ಟೋಬರಿನಲ್ಲಿ ಇಳಿದು ಬಂದಾಗ ಬಳ್ಳಿ ಹೂವಿನಿಂದ ಕಾಯಿಗೆ ಕಾಲಿಡುತ್ತಿರುತ್ತದೆ, ಮಳೆ ಬಿಟ್ಟ ರಾತ್ರಿಗಳಲ್ಲಿ ಬೆಟ್ಟದ ಕಡೆಯ ತಂಪು ಕೆಳಗಿಳಿದು ಇಬ್ಬನಿಯಾಗಿ ಎಲೆಯ ಮೇಲೆ ಕುಳಿತುಕೊಳ್ಳುತ್ತದೆ. ಒಂದು ಹದವಾದ ಮಳೆಗಿಂತ ಮೋಡ ಮುಚ್ಚಿದ ಬೆಳಗಿನ ಜೊತೆಗೂಡಿದ ಇಬ್ಬನಿಯೇ ಹೆಚ್ಚು ಕೆಡುಕು ಮಾಡಬಲ್ಲುದು, ಏಕೆಂದರೆ ಮಳೆ ಸುರಿದು ಬಿಸಿಲು ಬಂದರೆ ಎಲೆ ಬೇಗ ಆರುತ್ತದೆ. ಮೋಡದ ಕೆಳಗೆ ನಿಂತ ಇಬ್ಬನಿ ಆರುವುದಕ್ಕೆ ಹೊತ್ತು ನೆತ್ತಿಗೇರಬೇಕು. ಬೀಜ ತುಂಬಿಕೊಳ್ಳುವ ಹೊತ್ತಿನಲ್ಲಿಯೇ ಎಲೆ ಸತ್ತರೆ ಕಾಯಿ ಬಲಿತರೂ ಒಳಗೆ ಜೊಳ್ಳು.

ಎಲೆಯ ಮೇಲಿನ ನೀರನ್ನು ತಡೆಯಬೇಕೆಂಬ ಈ ತಿಳಿವಳಿಕೆ ಪ್ರಯೋಗಶಾಲೆಯಲ್ಲಿ ಹುಟ್ಟಿದುದೆಂದು ಯಾರೂ ಭಾವಿಸಬೇಕಾದುದಿಲ್ಲ. ಮಲೆನಾಡಿನ ಅಡಕೆ ತೋಟದವರು, ಕೊಳೆರೋಗದ ಕಾರಕ ಯಾವುದೆಂದು ಜಗತ್ತಿನಲ್ಲಿ ಯಾರಿಗೂ ತಿಳಿಯದ ಕಾಲದಲ್ಲಿಯೇ, ಮಳೆ ಹಿಡಿಯುವ ಮುನ್ನ ಅಡಕೆಯ ಕೊನೆಗಳಿಗೆ ನೀರು ತಾಗದಂತೆ ಹೊದಿಸುವ ಕೊಟ್ಟೆ ಕಟ್ಟುತ್ತಿದ್ದರು. ಕೆನಡಾದಿಂದ ಬಂದು ಮೈಸೂರು ಸಂಸ್ಥಾನದ ಸೇವೆಗೆ ಸೇರಿದ ಲೆಸ್ಲಿ ಕೋಲ್ಮನ್ನರು ಮಲೆನಾಡಿನ ತೋಟಗಳಲ್ಲಿ ಈ ರೋಗವನ್ನು ಪರೀಕ್ಷಿಸಿ, ಅದರ ಕಾರಕ ಫೈಟಾಫ್ತೊರಾ ಎಂಬ ಜೀವಿಯೆಂದು ನಿರ್ಣಯಿಸಿ 1910ರಲ್ಲಿ ಪ್ರಕಟಿಸಿದರು. ಕೊಟ್ಟೆಗೆ ಬದಲಾಗಿ ಬೋರ್ಡೋ ದ್ರಾವಣವನ್ನು, ಮಳೆಯಲ್ಲಿ ತೊಳೆದುಹೋಗದಂತೆ ರಾಳದ ಅಂಟನ್ನು ಬೆರೆಸಿ, ಸಿಂಪಡಿಸುವ ಕ್ರಮವನ್ನು ಜಾರಿಗೆ ತಂದವರೂ ಅವರೇ. ಆ ದ್ರಾವಣದ ಜನನವಾದುದು ಫ್ರಾನ್ಸಿನ ಬೋರ್ಡೋ ಪ್ರಾಂತದ ದ್ರಾಕ್ಷಿತೋಟಗಳಲ್ಲಿ. ದಾರಿಹೋಕರು ಹಣ್ಣು ಕೀಳದಿರಲೆಂದು ರಸ್ತೆಬದಿಯ ಸಾಲುಗಳಿಗೆ ಬಳಿದಿದ್ದ ಮೈಲುತುತ್ತ ಸುಣ್ಣಗಳ ಮಿಶ್ರಣವು ಆ ಸಾಲುಗಳನ್ನು ಬೂಜು ರೋಗದಿಂದಲೂ ಕಾಪಾಡಿದುದನ್ನು ಕಂಡು ಮಿಯಾರ್ಡೆ ಎಂಬ ಪ್ರಾಧ್ಯಾಪಕರು 1885ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದರು. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ; ಹದ ಸರಿಯಾಯಿತೇ ಎಂದು ತಿಳಿಯಲು ಹೊಳಪಿನ ಕತ್ತಿಯೊಂದನ್ನು ಅದ್ದಿ, ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣ ಸೇರಿಸುವುದು. ತೀರ್ಥಹಳ್ಳಿಯಿಂದ ಕಾಸರಗೋಡಿನವರೆಗೆ ಅಡಕೆಯ ಮನೆಗಳಲ್ಲಿ ಇದನ್ನು ಅರಿಯದವರಿಲ್ಲ.

ಪಳನಿಯ ಬಯಲಿಗೆ ಕೊಟ್ಟೆಯ ಉಪಾಯ ಹೊಂದುವುದಿಲ್ಲ. ಆದರೆ ಕೊಟ್ಟೆಯ ತತ್ತ್ವ ಹೊಂದುತ್ತದೆ. ಗೆಡ್ಡೆ ಊರುವಾಗಲೇ ಸಾಲುಗಳು ಗಾಳಿ ಬೀಸುವ ದಿಕ್ಕಿಗೆ ತೆರೆದಿರುವಂತೆ, ಬಳ್ಳಿ ಬಳ್ಳಿಗೆ ಹೆಣೆದುಕೊಳ್ಳದಷ್ಟು ಅಂತರದಲ್ಲಿ ಇರಬೇಕು. ಒಂದು ಗೆಡ್ಡೆ ಹೆಚ್ಚು ನೆಟ್ಟರೆ ಒಂದು ಹಿಡಿ ಬೀಜ ಹೆಚ್ಚು ಬಂದೀತೆಂಬ ಲೋಭ, ಗಾಳಿಯಾಡದ ಪೊದೆಯಲ್ಲಿ ಪರಿಣಮಿಸಿ, ಇಬ್ಬನಿಯನ್ನು ಮಧ್ಯಾಹ್ನದವರೆಗೆ ಹಿಡಿದಿಡುತ್ತದೆ. ನೀರು ಬುಡಕ್ಕೆ ಮಾತ್ರ, ಹನಿ ಹನಿಯಾಗಿ, ಅದೂ ಮುಂಜಾನೆ. ತುಂತುರು ನೀರಾವರಿಯಾಗಲಿ ಸಂಜೆಯ ಹಾಯಿನೀರಾಗಲಿ ರಾತ್ರಿಯ ಒದ್ದೆಯನ್ನು ನಾವೇ ಕೈಯಾರೆ ಕೊಟ್ಟಂತೆ. ಯೂರಿಯಾದ ಹುರುಪಿನಲ್ಲಿ ಬೆಳೆದ ಮೆದು ಎಲೆ ನೋಡಲು ಸೊಂಪಾಗಿದ್ದರೂ ಬಾಳಿಕೆಯದಲ್ಲ, ದಟ್ಟವಾಗಿ ಹಬ್ಬಿ ಬೇಗ ಆರುವುದೂ ಇಲ್ಲ. ನೆಲಮಟ್ಟದ ನಾಲ್ಕಾರು ಎಲೆಗಳಲ್ಲಿ ಮೊದಲ ಚುಕ್ಕೆ ಕಂಡಾಗ ಅವನ್ನು ಚಿವುಟಿ, ಚೀಲದಲ್ಲಿ ಹಾಕಿಕೊಂಡು ಹೋಗಿ ಸುಡುವುದು ಒಂದು ಸುತ್ತಿನ ಸಿಂಪರಣೆಯನ್ನು ಉಳಿಸಬಲ್ಲುದು. ಚಿವುಟಿ ಅಲ್ಲೇ ಬಿಸುಟರೆ ಚಿವುಟದೆ ಬಿಟ್ಟುದಕ್ಕೂ ಅದಕ್ಕೂ ಭೇದವಿಲ್ಲ.

ಈಗ ಬೆಳಗಿನ ಎಂಟು ಗಂಟೆಗೆ ಮರಳೋಣ. ಪರಾಗ ಮುಟ್ಟಿಸುವ ಹೆಂಗಸರು ಸಾಲಿಗಿಳಿಯುವ ಹೊತ್ತಿಗೆ ಕಾರ್ತಿಕದ ಇಬ್ಬನಿ ಎಷ್ಟೋ ಸಲ ಆರಿರುವುದಿಲ್ಲ. ಒದ್ದೆ ಎಲೆಗಳನ್ನು ಸವರಿಕೊಂಡು ಹೋಗುವ ಸೀರೆಯ ಸೆರಗು, ತೋಳು, ಬೆರಳುಗಳು ರೋಗದ ಸಾಲಿನಿಂದ ಆರೋಗ್ಯದ ಸಾಲಿಗೆ ಬೀಜಾಣುಗಳನ್ನು ಸಾಗಿಸುವ ಸಂಭವ ಸಾಕಷ್ಟಿದೆ. ಹೂವು ಕಾಯುವುದಿಲ್ಲವಾದುದರಿಂದ ಕೆಲಸವನ್ನು ನಿಲ್ಲಿಸೆಂದು ಹೇಳುವುದು ಸುಲಭದ ಉಪದೇಶ. ಆದರೆ ಬಿಸಿಲು ಮೊದಲು ತಾಗುವ ಅಂಚಿನಿಂದ ಕೆಲಸ ತೊಡಗಿ, ಚುಕ್ಕೆ ಬಿದ್ದ ಭಾಗವನ್ನು ಕಟ್ಟಕಡೆಗೆ ಉಳಿಸಿಕೊಳ್ಳುವುದು ಯಾರಿಗೂ ಹೊರೆಯಲ್ಲ. ಇನ್ನೊಂದು ಮಾತು, ಇದು ಸಸ್ಯದ ಆರೋಗ್ಯಕ್ಕಿಂತ ಮನುಷ್ಯರ ಆರೋಗ್ಯಕ್ಕೆ ಸೇರಿದುದು: ಸಿಂಪರಣೆ ಮಾಡಿದ ಮಾರನೆಯ ಬೆಳಗ್ಗೆ ಅದೇ ಸಾಲಿನಲ್ಲಿ ಬರಿಗೈಯಲ್ಲಿ ಹೂ ಮುಟ್ಟುವವರು ಇವರೇ. ದಿನಗೂಲಿಯ ಹೆಂಗಸಿಗೆ ಮದ್ದಿನ ಪೊಟ್ಟಣದ ಮೇಲಿನ ಎಚ್ಚರಿಕೆಯ ಚಿತ್ರವನ್ನು ತೋರಿಸುವವರು ಯಾರೆಂಬ ಪ್ರಶ್ನೆಗೆ ಕೃಷಿ ಕೈಪಿಡಿಗಳಲ್ಲಿ ಉತ್ತರ ಸಿಗುವುದು ಅಪರೂಪ.

ಬೆಟ್ಟದ ತೆಂಕಣ ಮಗ್ಗುಲಿಗೆ ಹೋದರೆ ಚಿತ್ರವೇ ಬೇರೆ. 1895ರಲ್ಲಿ ಪೂರ್ಣಗೊಂಡ ಪೆರಿಯಾರ್ ಅಣೆಕಟ್ಟಿನ ನೀರು ಹರಿದುಬಂದು ಹಸುರಾದ ಕಂಬಂ ಕಣಿವೆಯು, ಕನ್ನಡವನ್ನು ಮನೆಮಾತಾಗಿಟ್ಟುಕೊಂಡ ಕಪ್ಪಿಲಿಯರ ಮತ್ತು ಅನುಪ್ಪರ ನೆಲೆಯೂ ಹೌದು. ಪನ್ನೀರು ದ್ರಾಕ್ಷಿಗೆ ಹೆಸರಾದ ಈ ಕಣಿವೆಯಲ್ಲಿ ಸಿಂಪರಣೆಯ ಪಂಪು ಬೆನ್ನಿಗೇರದ ರೈತನಿಲ್ಲ. ಚಿನ್ನಮನೂರಿನ ವೀಳ್ಯದೆಲೆ ಇನ್ನೊಂದು ಪ್ರಸಿದ್ಧ ಬೆಳೆ. ಮತ್ತು ವೀಳ್ಯದೆಲೆಯನ್ನು ಔಷಧ ಸಸ್ಯ ಎನ್ನದಿರುವುದಕ್ಕೆ ಕಾರಣವಿಲ್ಲ. ಅಗಸೆಯ ಮರಗಳ ನೆರಳಿನಲ್ಲಿ, ಸದಾ ತೇವದಲ್ಲಿ ಬೆಳೆಯಲೇಬೇಕಾದ ಈ ಬಳ್ಳಿಗೆ ಎಲೆಯನ್ನು ಒಣಗಿಸಿಡುವ ಸಲಹೆ ಅರ್ಥಹೀನ. ಇಲ್ಲಿಯ ಎಲೆಕೊಳೆಗೂ ಬುಡಕೊಳೆಗೂ ಮೂಲ, ಅಡಕೆಯಲ್ಲಿ ಕೋಲ್ಮನ್ನರು ಕಂಡ ಫೈಟಾಫ್ತೊರಾದ ಕುಲವೇ. ಶುದ್ಧ ಶಿಲೀಂಧ್ರವೆಂದು ಇದನ್ನು ಇಂದು ಯಾರೂ ಹೇಳುವುದಿಲ್ಲ, ಕಂದು ಪಾಚಿಗಳ ದೂರದ ನೆಂಟ ಇದು, ಇದಕ್ಕೂ ಕಾರ್ಬೆಂಡಜಿಮ್ ನಾಟದು. ನೀರು ನಿಲ್ಲದಂತೆ ಕಾಲುವೆ ತೋಡುವುದು, ನೆಲಕ್ಕೆ ತಾಗುವ ಎಲೆಗಳನ್ನು ತೆಗೆಯುವುದು, ಬಲಿತ ಎಲೆಯನ್ನು ಕೊಯ್ದಾದ ಮೇಲೆಯೇ ದುರ್ಬಲ ಬೋರ್ಡೋ ದ್ರಾವಣವನ್ನು ಹೊಡೆದು ಮುಂದಿನ ಕೊಯ್ಲಿನವರೆಗೆ ದಿನ ಬಿಡುವುದು, ಇಷ್ಟರಲ್ಲಿ ಅದರ ನಿರ್ವಹಣೆ ಅಡಗಿದೆ.

ವೀಳ್ಯದೆಲೆ ನಮ್ಮನ್ನು ತಂದು ನಿಲ್ಲಿಸುವುದು ಔಷಧ ಸಸ್ಯಗಳ ಬೇಸಾಯದ ಬಹು ಮುಖ್ಯವಾದ ವಿವೇಚನೆಯ ಬಳಿಗೆ. ಅಗ್ನಿಶಿಖೆಯಲ್ಲಿ ಎಲೆಯು ಗಿಡದ ಅಡುಗೆಮನೆ ಮಾತ್ರ, ಔಷಧವಿರುವುದು ಕಾಯಿಯೊಳಗೆ ಮುಚ್ಚಿಟ್ಟ ಬೀಜದಲ್ಲಿ. ಎಲೆಯ ಮೇಲಿನ ಮದ್ದು ನೇರವಾಗಿ ಅಲ್ಲಿಗೆ ಮುಟ್ಟುವುದಿಲ್ಲ. ತುಳಸಿ, ಆಡುಸೋಗೆ, ಸೋನಾಮುಖಿಗಳಲ್ಲಿ ಎಲೆಯೇ ಔಷಧ. ಅಲ್ಲಿ ಹೊಡೆದುದೆಲ್ಲ ರೋಗಿಯ ಬಟ್ಟಲಿಗೇ ಬರುತ್ತದೆ. ಮ್ಯಾಂಕೋಜೆಬ್ಬಿನಂಥ ಮದ್ದುಗಳ ಶೇಷವು ಶಾಖಕ್ಕೆ ಒಡೆದು ಎಥಿಲೀನ್ ಥಯೋಯೂರಿಯಾ ಎಂಬ, ಥೈರಾಯ್ಡ್ ಗ್ರಂಥಿಗೆ ಹಾನಿಕರವಾದ ವಸ್ತುವಾಗುತ್ತದೆಂಬುದು ಸಿದ್ಧಪಟ್ಟ ವಿಷಯ. ಕೆಮ್ಮಿಗೆಂದು ಆಡುಸೋಗೆಯ ಕಷಾಯ ಕುದಿಸುವ ಮನೆಯಲ್ಲಿ ಈ ಸಂಗತಿ ತಿಳಿದಿರುವ ಸಂಭವ ಎಷ್ಟು? ಐರೋಪ್ಯ ಒಕ್ಕೂಟವು 2019ರಲ್ಲಿ ಕ್ಲೋರೋಥಲೋನಿಲ್ಲಿಗೂ 2020ರಲ್ಲಿ ಮ್ಯಾಂಕೋಜೆಬ್ಬಿಗೂ ತನ್ನ ನೆಲದಲ್ಲಿ ಅನುಮತಿಯನ್ನು ನಿಲ್ಲಿಸಿತು. ನಮ್ಮಲ್ಲಿಯಾದರೋ 1968ರ ಕೀಟನಾಶಕ ಅಧಿನಿಯಮದಂತೆ ಪ್ರತಿ ಮದ್ದೂ ಇಂಥಿಂಥ ಬೆಳೆಗೆಂದು ನೋಂದಣಿಯಾಗತಕ್ಕುದು; ಭತ್ತ, ಹತ್ತಿ, ದ್ರಾಕ್ಷಿಗಳ ಹೆಸರಿರುವ ಆ ಪಟ್ಟಿಗಳಲ್ಲಿ ಔಷಧ ಸಸ್ಯಗಳು ಕಾಣಸಿಗುವುದು ಅತಿ ವಿರಳ, ಏಕೆಂದರೆ ಅಲ್ಪ ವಿಸ್ತೀರ್ಣದ ಬೆಳೆಗಾಗಿ ಪರೀಕ್ಷೆಯ ವೆಚ್ಚವನ್ನು ಹೊರಲು ಯಾವ ಕಂಪನಿಯೂ ಮುಂದೆ ಬಾರದು. ವಿಶ್ವ ಆರೋಗ್ಯ ಸಂಸ್ಥೆಯು 2003ರಲ್ಲಿ ಔಷಧ ಸಸ್ಯಗಳ ಬೇಸಾಯಕ್ಕೆ ಮಾರ್ಗಸೂಚಿಯನ್ನು ಹೊರಡಿಸಿದೆ, 2000ದಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಔಷಧೀಯ ಸಸ್ಯ ಮಂಡಳಿಯೂ ಇದೆ. ಆದರೂ ಚುಕ್ಕೆ ಕಂಡ ರೈತನಿಗೆ ಸಲಹೆ ದೊರೆಯುವುದು ಗೊಬ್ಬರದ ಅಂಗಡಿಯ ಗಲ್ಲೆಯ ಮುಂದೆಯೇ.

ಈ ಕಾರಣದಿಂದ ಎಲೆಯೇ ಔಷಧವಾಗಿರುವ ಬೆಳೆಗಳಲ್ಲಿ ಜೈವಿಕ ಉಪಾಯಗಳಿಗೆ ಮೊದಲ ಸ್ಥಾನ ಸಲ್ಲಬೇಕು. ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾನಿಲಯದವರು ಬೇರ್ಪಡಿಸಿ ಟಾಲ್ಕ್ ಪುಡಿಯಲ್ಲಿ ಒದಗಿಸಿದ ಸ್ಯೂಡೋಮೋನಾಸ್ ಫ್ಲೂರೆಸೆನ್ಸ್ ಎಂಬ ಬ್ಯಾಕ್ಟೀರಿಯಾ ದಕ್ಷಿಣ ಭಾರತದಲ್ಲೆಲ್ಲ ಪರಿಚಿತ. ಗೆಡ್ಡೆಗೆ ಸವರಿದಾಗ ಗಿಡದ ಸ್ವಂತ ರಕ್ಷಣಾಶಕ್ತಿಯನ್ನೇ ಎಚ್ಚರಿಸುವ ಗುಣ ಅದಕ್ಕಿದೆ. ಆದರೆ ಜೀವಂತ ವಸ್ತುವಿಗೆ ಜೀವಂತ ವಸ್ತುವಿನ ಮರ್ಯಾದೆ ಸಲ್ಲಬೇಕು: ಬಿಸಿಲಿನ ಗೋದಾಮಿನಲ್ಲಿ ತಿಂಗಳುಗಟ್ಟಲೆ ಕೊಳೆತ ಪೊಟ್ಟಣ ಬರಿಯ ಪುಡಿ, ತಾಮ್ರದ ದ್ರಾವಣ ಕಲಸಿದ ಅದೇ ಪಂಪಿನಲ್ಲಿ ತುಂಬಿದರೆ ಅದೂ ಬರಿಯ ನೀರು. ಸೂಕ್ಷ್ಮಜೀವಿಗಳಿಂದಲೇ ಶಿಲೀಂಧ್ರವನ್ನು ಎದುರಿಸುವ ವಿದ್ಯೆಯಲ್ಲಿ ಕನ್ನಡಿಗರ ಪಾಲೂ ಇದೆಯೆಂಬುದನ್ನು ನೆನೆಯಬಹುದು. ಮೈಸೂರು ಸೀಮೆಯ ಶಿಲೀಂಧ್ರಶಾಸ್ತ್ರಜ್ಞ ಎಂ. ಜೆ. ತಿರುಮಲಾಚಾರರು ಪಿಂಪ್ರಿಯ ಹಿಂದೂಸ್ಥಾನ್ ಆಂಟಿಬಯೋಟಿಕ್ಸ್ ಸಂಸ್ಥೆಯಲ್ಲಿದ್ದಾಗ 1960ರ ದಶಕದಲ್ಲಿ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಪಡೆದ ಆರಿಯೋಫಂಗಿನ್ ಬೆಳೆಗಳ ಶಿಲೀಂಧ್ರರೋಗಗಳಿಗೆಂದೇ ಬಳಕೆಗೆ ಬಂದಿತು.

ಕಡೆಗೆ, ಮಾಘದ ಹೊತ್ತಿಗೆ ಬೀಜ ಕೊಯ್ದು ಬಳ್ಳಿ ಒಣಗಿದ ಹೊಲದ ವಿಚಾರ. ಗೆಡ್ಡೆ ನೆಲದಡಿ ನಿದ್ರಿಸುತ್ತದೆ, ಮುಂದಿನ ಮುಂಗಾರಿಗೆ ತಾನೇ ಚಿಗುರುತ್ತದೆ. ಹೀಗಾಗಿ ಹಲವು ವರ್ಷ ಅಲ್ಲಿಯೇ ನಿಲ್ಲುವ ಈ ಬೆಳೆಯಲ್ಲಿ ಹಳೆಯ ಬಳ್ಳಿಯ ಕಸವನ್ನು ಆಸರೆಯ ಮುಳ್ಳಿನಿಂದ ಬಿಡಿಸುವುದು ಕೈ ಗೀರುವ, ಕೂಲಿ ಬೇಡುವ ಕೆಲಸ. ಬೀಜದ ಬೆಲೆ ಏರಿದ ವರ್ಷ ಅದನ್ನು ಮಾಡಿಸುತ್ತಾರೆ. ವರ್ತಕರು ಕೊಳ್ಳಲೊಲ್ಲದೆ ಬೆಲೆ ಕುಸಿದ ವರ್ಷ ಬಳ್ಳಿಯನ್ನು ಗೂಟದಲ್ಲಿಯೇ ಬಿಟ್ಟು ಟೊಮೇಟೊವಿನ ಕಡೆಗೋ ನುಗ್ಗೆಯ ಕಡೆಗೋ ಮುಖ ತಿರುಗಿಸುತ್ತಾರೆ. ಆ ಗೂಟಗಳ ಮೇಲೆ ಒಣಗಿ ತೂಗುವ ಕಪ್ಪು ಎಲೆಗಳಲ್ಲಿ ಆಲ್ಟರ್ನೇರಿಯಾ ಬೇಸಗೆಯನ್ನು ಕಳೆಯಬಲ್ಲುದು, ಮತ್ತು ಗಾಳಿಗೆ ಬದುವಿನ ಗುರುತು ತಿಳಿಯದಾದುದರಿಂದ ಮರುವರ್ಷ ಅದರ ಸುಂಕವನ್ನು ಕಸ ಸುಟ್ಟು ಹೊಲವನ್ನು ಚೊಕ್ಕಟಗೊಳಿಸಿದ ಪಕ್ಕದ ಹೊಲದವನೂ ತೆರುತ್ತಾನೆ. ಒಂದು ಊರಿನ ಬೆಳೆಗಾರರು ಕೂಡಿ ಮಾಘ ಫಾಲ್ಗುಣಗಳಲ್ಲಿ ಒಂದು ವಾರವನ್ನು ಗೊತ್ತುಮಾಡಿಕೊಂಡು ಗೂಟಗಳ ಕಸವನ್ನೆಲ್ಲ ಒಟ್ಟಿಗೆ ಸುಟ್ಟರೆ, ಅಕ್ಟೋಬರಿನಲ್ಲಿ ತಲಾ ಎರಡು ಸಿಂಪರಣೆ ಉಳಿದರೂ ಉಳಿಯಬಹುದೆಂದು ನನ್ನ ಎಣಿಕೆ. ಬೆಲೆ ಕುಸಿದ ವರ್ಷದಲ್ಲಿ ಆ ವಾರದ ಕೂಲಿಯನ್ನು ಯಾರು ಕೊಡಬೇಕೆಂಬುದನ್ನು ಅವರೂ ಬೀಜ ಕೊಳ್ಳುವ ವರ್ತಕರೂ ಕೂತು ತೀರ್ಮಾನಿಸಬೇಕಾದೀತು.